ವರ್ಚುವಲ್ ಮಷೀನುಗಳ ಸುವ್ಯವಸ್ಥಿತ ನಿಲುಗಡೆ

ಒಂದು ಭೌತಿಕ ಗಣಕದ ಸ್ಮೃತಿಯನ್ನೂ ಪ್ರೊಸೆಸರನ್ನೂ ಹಂಚಿಕೊಂಡು, ತಾನೇ ಸ್ವತಂತ್ರ ಗಣಕವೆಂಬಂತೆ ವರ್ತಿಸುವ ತಂತ್ರಾಂಶರೂಪದ ಯಂತ್ರವೇ ವರ್ಚುವಲ್ ಮಷೀನ್. ಐಬಿಎಂ ಸಂಸ್ಥೆಯು 1972ರಲ್ಲಿಯೇ ಇಂತಹ ಯಂತ್ರಗಳನ್ನು ನಡೆಸುವ ವಿಎಂ/370ನ್ನು ಹೊರತಂದಿತ್ತು. 2007ರಲ್ಲಿ ಅದೇ ಕೆಲಸದ ಕೆವಿಎಂ ತಂತ್ರಾಂಶವು ಲಿನಕ್ಸಿನ ಒಳಗೇ ಸೇರಿದ ತರುವಾಯ ಈ ಸೌಕರ್ಯ ಸಣ್ಣ ಕಚೇರಿಗಳಿಗೂ ಎಟುಕಿತು. ವ್ಯಾಖ್ಯೆಗೆ ಇಷ್ಟು ಸಾಕು.

ಯಾದಗಿರಿ, ಶಹಾಪುರ, ಸುರಪುರಗಳಂತಹ ಊರುಗಳಲ್ಲಿ ಕರೆಂಟು ಹೋದೊಡನೆ ಯುಪಿಎಸ್ಸಿನ ಬ್ಯಾಟರಿಯನ್ನೇ ನಂಬಿ ನಿಲ್ಲುವ ಸರ್ವರಿಗೆ ದೊರೆಯುವ ಕಾಲಾವಕಾಶವು ಪರಿಮಿತವಾದುದರಿಂದಲೂ, ನಡುರಾತ್ರಿಯಲ್ಲಿ ಅಲ್ಲಿ ಯಾರೂ ಕಾದು ಕುಳಿತಿರುವುದಿಲ್ಲವಾದುದರಿಂದಲೂ, ಅದರೊಳಗಿನ ಯಂತ್ರಗಳನ್ನು ನಿಲ್ಲಿಸುವ ಹೊಣೆ ಸ್ಕ್ರಿಪ್ಟಿನದಾಗುತ್ತದೆ. ಹೊಸಬರು ಎಡವುವುದು ಇಲ್ಲಿಯೇ. ವರ್ಚುವಲ್ ಮಷೀನನ್ನು ನಿಲ್ಲಿಸಲು ಕೊಡುವ ‘ವಿರ್ಶ್ ಶಟ್‌ಡೌನ್’ ಎಂಬ ಆಜ್ಞೆ ಕ್ಷಣಮಾತ್ರದಲ್ಲಿ ಮರಳಿಬರುವುದನ್ನು ಕಂಡು, ಯಂತ್ರವೂ ನಿಂತೇಬಿಟ್ಟಿತೆಂದು ಅವರು ಭಾವಿಸುತ್ತಾರೆ. ನಾರಾಯಣಪುರದಲ್ಲಿ ಎಡದಂಡೆ ಕಾಲುವೆಯ ಗೇಟು ಇಳಿಸಿದಾಕ್ಷಣ ಶಹಾಪುರ ಶಾಖಾ ಕಾಲುವೆಯ ಕೊನೆಯ ಹೊಲದಲ್ಲಿ ನೀರು ನಿಲ್ಲುವುದಿಲ್ಲವೆಂಬುದನ್ನು ಈ ಸೀಮೆಯ ರೈತನಿಗೆ ಯಾರೂ ಬೋಧಿಸಬೇಕಾಗಿಲ್ಲ. ಈ ಆಜ್ಞೆಯ ಸಂಗತಿಯೂ ಹಾಗೆಯೇ.

ಆ ಆಜ್ಞೆ ಮಾಡುವುದಿಷ್ಟೆ: 1996ರಲ್ಲಿ ರೂಪುಗೊಂಡ ಎಸಿಪಿಐ ಎಂಬ ವಿದ್ಯುತ್-ನಿರ್ವಹಣಾ ನಿಯಮಾವಳಿಯಂತೆ, ಇಲ್ಲದ ಪವರ್ ಬಟನ್ನೊಂದನ್ನು ಒತ್ತಿದಂತೆ ಒಳಗಿನ ಕಾರ್ಯವ್ಯವಸ್ಥೆಗೆ ಸೂಚನೆ ಕೊಡುತ್ತದೆ. ಅದನ್ನು ಕೇಳಿಸಿಕೊಂಡ ಕಾರ್ಯವ್ಯವಸ್ಥೆಯು ಪ್ರತಿಯೊಂದು ಸೇವೆಗೂ ನಿಲ್ಲುವಂತೆ ತಿಳಿಸಿ, ಡೇಟಾಬೇಸು ತನ್ನ ಲೆಕ್ಕವನ್ನು ಮುಗಿಸುವವರೆಗೆ ತಾಳಿ, ಸ್ಮೃತಿಯಲ್ಲಿ ಉಳಿದ ಬರಹವನ್ನೆಲ್ಲ ಡಿಸ್ಕಿಗೆ ಇಳಿಸಿ, ಆಮೇಲೆ ತಾನೇ ಆರುತ್ತದೆ. ಲಿನಕ್ಸು ಹೊಸ ಬರಹವನ್ನು ಸಾಮಾನ್ಯವಾಗಿ ಸುಮಾರು 30 ಸೆಕೆಂಡುಗಳವರೆಗೆ ಸ್ಮೃತಿಯಲ್ಲಿಯೇ ಇರಿಸಿಕೊಳ್ಳಬಲ್ಲುದೆಂಬುದನ್ನು ನೆನೆದರೆ, ಈ ವಿಧಿಯನ್ನು ಹಾರಿಸಿ ‘ವಿರ್ಶ್ ಡೆಸ್ಟ್ರಾಯ್’ ಪ್ರಯೋಗಿಸುವುದರ ಅಪಾಯ ವೇದ್ಯವಾದೀತು. ಅದು ಡಿಸ್ಕನ್ನು ಅಳಿಸುವುದಿಲ್ಲ, ನಿಜ; ಪ್ಲಗ್ಗನ್ನು ಕಿತ್ತೆಸೆಯುತ್ತದೆ. ಕಡತವ್ಯವಸ್ಥೆಯು ಜರ್ನಲಿನ ನೆರವಿನಿಂದ ತನ್ನ ರಚನೆಯನ್ನು ಸರಿಪಡಿಸಿಕೊಂಡೀತು. ಆದರೆ ಡಿಸ್ಕನ್ನು ಮುಟ್ಟದೆಯೇ ಹೋದ ಬರಹವನ್ನು ಯಾವ ಜರ್ನಲೂ ಹಿಂದಕ್ಕೆ ತರಲಾರದು.

ಆದಕಾರಣ ಸ್ಕ್ರಿಪ್ಟು ಆಜ್ಞಾಪಿಸಿ ಸುಮ್ಮನಾಗತಕ್ಕುದಲ್ಲ. ‘ವಿರ್ಶ್ ಡೊಮ್‌ಸ್ಟೇಟ್’ ಮೂಲಕ ಎರಡು ಮೂರು ಸೆಕೆಂಡುಗಳಿಗೊಮ್ಮೆ ಸ್ಥಿತಿಯನ್ನು ವಿಚಾರಿಸುತ್ತ, ‘ಶಟ್ ಆಫ್’ ಎಂಬ ಉತ್ತರ ಬಂದಮೇಲೆಯೇ ಮುಂದಿನ ಯಂತ್ರಕ್ಕೆ ಹೋಗಬೇಕು. ಅನ್ವಯ ಸರ್ವರು ಮೊದಲು, ಅದು ಆಶ್ರಯಿಸಿರುವ ಡೇಟಾಬೇಸು ಆಮೇಲೆ. ಬಟನ್ನಿನ ಸೂಚನೆಗೆ ಕಿವಿಗೊಡದ ಯಂತ್ರಗಳೂ ಉಂಟು. ಅವುಗಳಲ್ಲಿ, ಒಳಗಿನಿಂದಲೇ ನಿಲುಗಡೆ ನಡೆಸಬಲ್ಲ ಕ್ಯೂಎಮು ಗೆಸ್ಟ್ ಏಜೆಂಟನ್ನು ಮೊದಲೇ ಸ್ಥಾಪಿಸಿರುವುದು ಲೇಸು. ನಿಗದಿಯಾದ ಅವಧಿ ಮೀರಿದರೆ ಮಾತ್ರ ಬಲಪ್ರಯೋಗ, ಅದೂ ಲಾಗಿನಲ್ಲಿ ಬರೆದಿಟ್ಟು.

ಆ ಅವಧಿಯೆಷ್ಟು? ಆತಿಥೇಯ ಗಣಕ ನಿಲ್ಲುವಾಗ ಒಳಯಂತ್ರಗಳನ್ನು ನೋಡಿಕೊಳ್ಳುವ ‘ಲಿಬ್ವರ್ಟ್-ಗೆಸ್ಟ್ಸ್’ ಸೇವೆಯಲ್ಲಿ ರೂಢಿಯ ಮಿತಿ 300 ಸೆಕೆಂಡು. ಬ್ಯಾಟರಿ ನಾಲ್ಕೇ ನಿಮಿಷ ಬಾಳುವಂತಿದ್ದರೆ ಇಷ್ಟು ತಾಳ್ಮೆ ಅನರ್ಥಕಾರಿ. ಆತಿಥೇಯವು ತಾನು ನಿಲ್ಲಲು ಬೇಕಾದ ಹೊತ್ತನ್ನೂ ಕಳೆದೇ ಲೆಕ್ಕ ಹಾಕಬೇಕು. ಯುಪಿಎಸ್ಸಿನೊಡನೆ ಸಂಭಾಷಿಸುವ ‘ನೆಟ್‌ವರ್ಕ್ ಯುಪಿಎಸ್ ಟೂಲ್ಸ್’ ಬೇರೆಯೇ ಅಧ್ಯಾಯಕ್ಕೆ ಯೋಗ್ಯವಾದ ವಿಷಯ. ವಾಚಕರು ಅದರ ಕೈಪಿಡಿಯನ್ನು ಆಸಕ್ತಿಯಿಂದ ಓದಲಿ. ತಮ್ಮ ಸ್ಕ್ರಿಪ್ಟನ್ನು ಕಚೇರಿಯ ಸರ್ವರಿನ ಮೇಲೆ ಬಿಡುವುದಕ್ಕೆ ಮುನ್ನ, ಏನೂ ಇಲ್ಲದ ಒಂದು ವರ್ಚುವಲ್ ಮಷೀನಿನ ಮೇಲೆ, ಗಡಿಯಾರ ನೋಡುತ್ತ, ಪರೀಕ್ಷಿಸಲಿ.