ಹನ್ನೊಂದು ಮಿಲಿಸೆಕೆಂಡಿನ ಗಡುವು

ತುಮಕೂರಿನ ಓದುಗರೊಬ್ಬರು ಕೇಳಿದ್ದಾರೆ: ‘ನನ್ನ ಕಂಪ್ಯೂಟರ್ 2011ರದ್ದು. ಪ್ರೊಸೆಸರ್ ಇಂಟೆಲ್ ಐ5-2500ಕೆ, 3.3 ಗಿಗಾಹರ್ಟ್ಸ್. ಗ್ರಾಫಿಕ್ಸ್ ಕಾರ್ಡ್ ಮಾತ್ರ ಆಮೇಲೆ ಹೊಸದು ಹಾಕಿಸಿದ್ದು. ಕಾಲೇಜಿಗೆ ಹೋಗುವ ಮಗ ಸೆಕೆಂಡ್ ಹ್ಯಾಂಡ್ ವಿಆರ್ ಹೆಡ್‌ಸೆಟ್ ಕೊಳ್ಳುತ್ತೇನೆ ಅನ್ನುತ್ತಾನೆ. ಅದಕ್ಕೆ ಐ5-4590 ಬೇಕಂತೆ. ಅದೂ 3.3 ಗಿಗಾಹರ್ಟ್ಸೇ. ಹಾಗಾದರೆ ನಮ್ಮದು ಯಾಕೆ ಸಾಲದು?’

ಬಹಳ ಒಳ್ಳೆಯ ಪ್ರಶ್ನೆ. 2016ರಲ್ಲಿ ಆಕ್ಯುಲಸ್ ರಿಫ್ಟ್ ಮತ್ತು ಎಚ್‌ಟಿಸಿ ವೈವ್ ಹೆಡ್‌ಸೆಟ್‌ಗಳು ಮಾರುಕಟ್ಟೆಗೆ ಬಂದಾಗ ಎರಡೂ ಕೇಳಿದ್ದು ಈ 4590 ಅನ್ನೇ. 2500ಕೆ ಜೊತೆ ಇಟ್ಟು ನೋಡಿದರೆ ಎರಡಕ್ಕೂ ನಾಲ್ಕು ಕೋರ್, ಎರಡರದೂ 3.3 ಗಿಗಾಹರ್ಟ್ಸ್, ಒತ್ತಡ ಬಿದ್ದಾಗ ಎರಡೂ ಏರುವುದು 3.7ಕ್ಕೆ. ಡಬ್ಬದ ಮೇಲಿನ ಸಂಖ್ಯೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೆ ಗಿಗಾಹರ್ಟ್ಸ್ ಹೇಳುವುದು ಕೈ ಎಷ್ಟು ಬೇಗ ಆಡುತ್ತದೆ ಎಂದಷ್ಟೇ. ಹೂ ಕಟ್ಟುವ ಇಬ್ಬರ ಬೆರಳು ಒಂದೇ ವೇಗದಲ್ಲಿ ಓಡುತ್ತಿದ್ದರೂ, ಗಂಟಿಗೊಂದು ಮೊಗ್ಗು ಹೆಚ್ಚು ಸೇರಿಸುವವಳ ಮಾಲೆ ಬೇಗ ಉದ್ದವಾಗುತ್ತದೆ. 2500ಕೆಯ ಪ್ರತಿ ಕೋರಿನಲ್ಲಿ ಆದೇಶಗಳನ್ನು ಕೆಲಸಕ್ಕೆ ಬಿಡುವ ದ್ವಾರಗಳು ಆರು, 4590ರಲ್ಲಿ ಎಂಟು. ಗಿಗಾಹರ್ಟ್ಸ್ ನೋಡಿಯೇ ಪ್ರೊಸೆಸರ್ ಅಳೆಯುವ ಅಭ್ಯಾಸವನ್ನು ಅಂಗಡಿಯವರೂ ಬಿಡಬೇಕು, ಕೊಳ್ಳುವವರೂ ಬಿಡಬೇಕು.

ವಿಆರ್‌ಗೆ ಈ ಸಣ್ಣ ವ್ಯತ್ಯಾಸ ಅಷ್ಟೊಂದು ಮುಖ್ಯವಾಗುವುದೇಕೆ? ಉತ್ತರ ಇರುವುದು ನಮ್ಮ ಕಿವಿಯೊಳಗೆ. ಈ ಪುಟವನ್ನು ಅಲುಗಾಡದಂತೆ ಹಿಡಿದು, ‘ಇಲ್ಲ, ಇಲ್ಲ’ ಎನ್ನುವಂತೆ ತಲೆಯನ್ನು ಬೇಗ ಬೇಗ ಆಡಿಸುತ್ತ ಓದಿ. ಅಕ್ಷರಗಳು ಸ್ಪಷ್ಟವಾಗಿಯೇ ಕಾಣುತ್ತವೆ. ಈಗ ತಲೆ ನಿಲ್ಲಿಸಿ, ಅದೇ ವೇಗದಲ್ಲಿ ಪುಟವನ್ನು ಆಡಿಸಿ. ಸಾಲುಗಳು ಕಲಸಿಹೋಗುತ್ತವೆ. ಚಲನೆ ಒಂದೇ, ಫಲ ಬೇರೆ! ತಲೆ ತಿರುಗಿದ ಸುದ್ದಿಯನ್ನು ಒಳಗಿವಿಯ ಅರ್ಧವೃತ್ತ ನಾಳಗಳು ಬರೀ ಮೂರು ನರಕೋಶಗಳ ದಾರಿಯಲ್ಲಿ ಕಣ್ಣಿನ ಸ್ನಾಯುಗಳಿಗೆ ಮುಟ್ಟಿಸುತ್ತವೆ. ಸುಮಾರು ಹತ್ತು ಮಿಲಿಸೆಕೆಂಡಿನೊಳಗೆ ಕಣ್ಣುಗುಡ್ಡೆ ಎದುರು ದಿಕ್ಕಿಗೆ ಅಷ್ಟೇ ತಿರುಗಿ ದೃಶ್ಯವನ್ನು ನಿಲ್ಲಿಸುತ್ತದೆ. ನೋಡಿಯೇ ತಿದ್ದಿಕೊಳ್ಳಬೇಕಾಗಿದ್ದರೆ ಕಣ್ಣಿಗೆ ಈ ವೇಗ ದಕ್ಕುತ್ತಿರಲಿಲ್ಲ. ಕಂಪ್ಯೂಟರ್ ಪೈಪೋಟಿಗಿಳಿದಿರುವುದು ಇಂಥ ಯಂತ್ರದ ಜೊತೆ. ತಲೆ ತಿರುಗಿದ ಮೇಲೆ ಪರದೆಯ ಲೋಕ ತಡವಾಗಿ ತಿರುಗಿದರೆ ಕಿವಿಯ ಮಾತಿಗೂ ಕಣ್ಣಿನ ನೋಟಕ್ಕೂ ತಾಳೆಯಾಗದೆ ಹೊಟ್ಟೆ ತೊಳಸತೊಡಗುತ್ತದೆ. ಹಾಗೆ ಒದ್ದಾಡಿದವರನ್ನು ‘ಗುಂಡಿಗೆ ಗಟ್ಟಿಯಿಲ್ಲ’ ಎಂದು ಹೀಯಾಳಿಸುವುದು ಅನ್ಯಾಯ. ಅವರ ಒಳಗಿವಿ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿದೆ, ಅಷ್ಟೆ.

ರಿಫ್ಟ್, ವೈವ್ ಎರಡೂ ಸೆಕೆಂಡಿಗೆ 90 ಚಿತ್ರ ತೋರಿಸುತ್ತವೆ. ಅಂದರೆ ಒಂದು ಚಿತ್ರಕ್ಕೆ 11.1 ಮಿಲಿಸೆಕೆಂಡ್. ಅಷ್ಟರಲ್ಲಿ ಪ್ರೊಸೆಸರ್ ತಲೆ ಎಲ್ಲಿದೆ, ಕೈ ಎಲ್ಲಿದೆ ಎಂದು ತಿಳಿದು, ಆಟದ ಲೆಕ್ಕ ಮುಗಿಸಿ, ಎರಡು ಕಣ್ಣಿಗೂ ಏನೇನು ಬಿಡಿಸಬೇಕೆಂದು ಗ್ರಾಫಿಕ್ಸ್ ಕಾರ್ಡಿಗೆ ಹೇಳಿರಬೇಕು. ಟಿವಿ ಮೇಲಿನ ಆಟಕ್ಕೆ ಸರಾಸರಿ ಚೆನ್ನಾಗಿದ್ದರೆ ಸಾಕು. ಇಲ್ಲಿ ಸರಾಸರಿಗೆ ಬೆಲೆಯಿಲ್ಲ, ಗಡುವು ತಪ್ಪಿದ ಒಂದೊಂದು ಚಿತ್ರವೂ ಮೈಗೆ ಗೊತ್ತಾಗುತ್ತದೆ.

ತಪ್ಪಿದರೆ ಏನು ಗತಿ? ಇಲ್ಲಿ ಎಂಜಿನಿಯರುಗಳು ಮಾಡಿದ ಉಪಾಯ ನನಗೆ ಬಲು ಇಷ್ಟ. ಚಿತ್ರ ಪರದೆಗೆ ಹೋಗುವ ತುಸು ಮುಂಚೆ ತಲೆಯ ದಿಕ್ಕನ್ನು ಮತ್ತೊಮ್ಮೆ ಕೇಳಿ, ಬಿಡಿಸಿಟ್ಟ ಚಿತ್ರವನ್ನೇ ಅಷ್ಟು ಓರೆ ಮಾಡಿ ಕಳಿಸುವುದು. ಇದಕ್ಕೆ ‘ಟೈಮ್‌ವಾರ್ಪ್’ ಎಂದು ಹೆಸರು. ಹೊಸ ಚಿತ್ರ ಸಿದ್ಧವಾಗಿಲ್ಲವೇ? ಹಳೆಯದನ್ನೇ ತಿರುಗಿಸಿ ಕೊಡುತ್ತದೆ, ಕಿವಿ ನಂಬಿಬಿಡುತ್ತದೆ. 2016ರ ಕೊನೆಗೆ ಆಕ್ಯುಲಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸೆಕೆಂಡಿಗೆ 45 ಚಿತ್ರ ಮಾತ್ರ ಬಿಡಿಸಿಕೊಂಡು, ನಡುವಿನ ಒಂದೊಂದನ್ನು ಹಿಂದಿನ ಚಿತ್ರಗಳ ಚಲನೆಯಿಂದ ಊಹಿಸಿ ಸೇರಿಸುವ ‘ಸ್ಪೇಸ್‌ವಾರ್ಪ್’ ತಂದಿತು. ಇದರಿಂದ ಎರಡೇ ಕೋರಿನ ಐ3-6100 ಕೂಡ ಅರ್ಹರ ಪಟ್ಟಿಗೆ ಸೇರಿತು. ಬೇಗ ಬೀಸಿದ ಕೈಯ ಅಂಚಿನಲ್ಲಿ ಹಿನ್ನೆಲೆ ನೀರಿನಂತೆ ಅಲುಗುವುದನ್ನು ಗಮನಿಸಿದರೆ ಊಹೆಯ ಗುಟ್ಟು ಕಣ್ಣಿಗೆ ಬೀಳುತ್ತದೆ.

ಈಗ ನಿಮ್ಮ ಕಂಪ್ಯೂಟರಿಗೆ ಬರೋಣ. ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಅಂಗಡಿಯಲ್ಲಿ ವಾಲ್ವ್ ಕಂಪನಿಯ ವಿಆರ್ ಪರೀಕ್ಷೆ ಉಚಿತವಾಗಿ ಸಿಗುತ್ತದೆ, ಹೆಡ್‌ಸೆಟ್ ಬೇಕಿಲ್ಲ. ಅದರ ಹಸಿರು ಗುರುತನ್ನೊಂದೇ ನೋಡಿ ಹಿಗ್ಗಬೇಡಿ, ಏಕೆಂದರೆ ಆ ಪರೀಕ್ಷೆ ಹೆಚ್ಚಾಗಿ ಬೆವರಿಳಿಸುವುದು ಗ್ರಾಫಿಕ್ಸ್ ಕಾರ್ಡಿಗೆ. ಪ್ರೊಸೆಸರಿನಿಂದಾಗಿ ತಡವಾದ ಚಿತ್ರಗಳೆಷ್ಟು ಎಂಬ ಸಾಲು ಕೆಳಗಿರುತ್ತದೆ, ಅದನ್ನು ಓದಿ. ಹೆಡ್‌ಸೆಟ್ ಹಚ್ಚಿದ ಮೇಲೆ ಸ್ಟೀಮ್‌ವಿಆರ್‌ನ ಗ್ರಾಫ್ ತೆರೆದಿಟ್ಟುಕೊಳ್ಳಿ. ಪರಿಚಿತರ ಮನೆಯ ಹಳೆಯ ಡೆಸ್ಕ್‌ಟಾಪಿನಲ್ಲಿ ನಾನು ನೋಡಿದಂತೆ, ಖಾಲಿ ಕೋಣೆಯಲ್ಲಿ ಪ್ರೊಸೆಸರಿನ ಗೆರೆ ತಣ್ಣಗೆ ಮಲಗಿತ್ತು. ಮೇಜಿನ ಮೇಲಿನ ಸಾಮಾನುಗಳನ್ನೆಲ್ಲ ಒಟ್ಟಿಗೆ ಕೆಡವಿದ ಕ್ಷಣ ಅದು ಮುಳ್ಳಿನಂತೆ ಎದ್ದು ನಿಂತಿತು. ಪ್ರತಿಯೊಂದು ವಸ್ತು ಎಲ್ಲಿ ಬಡಿದು ಎಲ್ಲಿ ಉರುಳಿತೆಂಬ ಲೆಕ್ಕ ಪ್ರೊಸೆಸರಿನ ಪಾಲಿಗೆ ಬಂದಿತ್ತು.

ಪರೀಕ್ಷೆಗೆ ಮುಂಚೆ ಬ್ರೌಸರ್ ಮುಚ್ಚಿ, ಫ್ಯಾನಿನ ದೂಳು ಕೊಡವಿ. ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ಪಟಪಟ ‘ರಿಫ್ರೆಶ್’ ಒತ್ತುವ ಪೂಜೆ ಮಾತ್ರ ದಯವಿಟ್ಟು ಬೇಡ! ಅದರಿಂದ ಐಕಾನ್‌ಗಳ ಪಟ್ಟಿ ಹೊಸದಾಗುತ್ತದೆಯೇ ಹೊರತು ಪ್ರೊಸೆಸರಿಗೆ ಚುರುಕು ಬರುವುದಿಲ್ಲ. ನಮ್ಮ ಕಚೇರಿಗಳಲ್ಲಿ, ಕಾಲೇಜು ಲ್ಯಾಬುಗಳಲ್ಲಿ ಈ ಮೂಢನಂಬಿಕೆ ಇನ್ನೂ ಬೇರು ಬಿಟ್ಟು ಕೂತಿದೆ.

2500ಕೆ ಸಾಕೇ ಎಂಬುದು ಮಗ ಆಡುವ ಆಟವನ್ನು ಅವಲಂಬಿಸಿದೆ. ‘ಬೀಟ್ ಸೇಬರ್’ ಕನಿಷ್ಠ ಕೇಳುವುದು ನಿಮ್ಮ ಪ್ರೊಸೆಸರಿನ ತಲೆಮಾರನ್ನೇ, ಧೈರ್ಯವಾಗಿ ಆಡಲಿ. 2020ರ ‘ಹಾಫ್-ಲೈಫ್: ಅಲಿಕ್ಸ್’ ಐ5-7500 ಕೇಳುತ್ತದೆ, ಅದಕ್ಕೆ ಕೈ ಹಾಕದಿರುವುದೇ ಲೇಸು. ಹೆಸರಿನ ಕೊನೆಯ ‘ಕೆ’ ಎಂದರೆ ವೇಗದ ಬೀಗ ತೆರೆದಿದೆ ಎಂದರ್ಥ. ಮದರ್‌ಬೋರ್ಡ್ ಒಪ್ಪಿದರೆ, ಒಳ್ಳೆಯ ಕೂಲರ್ ಹಾಕಿ 4 ಗಿಗಾಹರ್ಟ್ಸ್ ದಾಟಿಸಬಹುದು.

ಕೊಳ್ಳುವ ಮುಂಚೆ ಕ್ಯಾಬಿನೆಟ್ಟಿನ ಹಿಂಬದಿಯನ್ನೂ ನೋಡಿ. ರಿಫ್ಟ್‌ಗೆ ಮೂರು ಯುಎಸ್‌ಬಿ 3.0 ಕಿಂಡಿ ಇರಬೇಕೆಂಬುದು ಕಂಪನಿಯ ಶಿಫಾರಸು. ಇಂಟೆಲ್ ತನ್ನ ಚಿಪ್‌ಸೆಟ್ಟಿಗೇ ಆ ಸೌಲಭ್ಯ ಸೇರಿಸಿದ್ದು 2012ರಲ್ಲಿ. 2011ರ ಬೋರ್ಡುಗಳಲ್ಲಿ ಇದ್ದರೆ ಅದು ಬೇರೆ ಕಂಪನಿಯ ಚಿಪ್ಪು. ವೈವ್‌ಗಾದರೆ ಒಂದು ಯುಎಸ್‌ಬಿ 2.0 ಕಿಂಡಿ ಸಾಕು. ನಿಮ್ಮ ಕಂಪ್ಯೂಟರಿಗೆ ನಾನಾದರೆ ವೈವ್ ಅನ್ನೇ ಹುಡುಕುತ್ತಿದ್ದೆ.