ಗಣಿಯೂರಿನಿಂದ ಬಂದ ಚೌಕಗಳು

ಕೆಜಿಎಫ್ ಗಣಿಗೆ ನೀರು ಕೊಟ್ಟ ಬೇತಮಂಗಲದವರಿಗೆ ಜರ್ಮನಿಯ ಬಾಟ್ರಾಪ್ ತೀರಾ ಪರಕೀಯ ಅನ್ನಿಸಲಾರದು. ಅದು ಕಲ್ಲಿದ್ದಲ ಊರು. 1888ರಲ್ಲಿ ಅಲ್ಲಿ ಹುಟ್ಟಿದ ಚಿತ್ರಕಾರ ಜೋಸೆಫ್ ಆಲ್ಬರ್ಸ್ ಅವರ ತಂದೆ ಮನೆಗಳಿಗೆ ಬಣ್ಣ ಬಳಿಯುತ್ತಿದ್ದವರು. ಬಾಗಿಲಿಗೆ ಬಣ್ಣ ಹಚ್ಚುವಾಗ ನಡುವಿನಿಂದ ಶುರು ಮಾಡಿ ಅಂಚಿನ ಕಡೆ ಬರಬೇಕು, ಆಗ ಅಂಗಿಯ ತೋಳಿಗೆ ಬಣ್ಣ ತಾಗುವುದಿಲ್ಲ ಎಂದು ಮಗನಿಗೆ ಹೇಳಿಕೊಟ್ಟಿದ್ದರು.

ಮಗ ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಮೇಷ್ಟರಾದರು. 1933ರಲ್ಲಿ ನಾಜಿಗಳ ಕಾಟಕ್ಕೆ ಶಾಲೆ ಮುಚ್ಚಿದ ಮೇಲೆ ಅಮೆರಿಕ ಸೇರಿದರು. ‘ಹೋಮೇಜ್ ಟು ದ ಸ್ಕ್ವೇರ್’ ಸರಣಿ ಆರಂಭವಾದದ್ದು 1950ರಲ್ಲಿ, ಅವರಿಗೆ 62 ತುಂಬಿದ ಮೇಲೆ. 1976ರಲ್ಲಿ ತೀರಿಕೊಳ್ಳುವವರೆಗೂ ಸಾವಿರಕ್ಕೂ ಹೆಚ್ಚು ಚಿತ್ರ ಬರೆದರು. ಎಲ್ಲದರಲ್ಲೂ ಒಂದರೊಳಗೊಂದು ಕೂತ ಮೂರೋ ನಾಲ್ಕೋ ಚೌಕ, ಅಷ್ಟೇ.

ಹತ್ತಿರ ನಿಂತು ನೋಡಿದರೆ ಗೊತ್ತಾಗುತ್ತದೆ, ಒಳಗಿನ ಚೌಕಗಳು ಸರಿಯಾಗಿ ನಡುವೆ ಇಲ್ಲ. ಕೆಳಗೆ ಒಂದು ಪಾಲು ಜಾಗ ಬಿಟ್ಟರೆ ಪಕ್ಕಗಳಲ್ಲಿ ಎರಡು, ಮೇಲೆ ಮೂರು. ಹಾಗಾಗಿ ಚೌಕ ಕೆಳಕ್ಕೆ ಜಗ್ಗಿದಂತೆ, ಭಾರವಿದ್ದಂತೆ ಕಾಣುತ್ತದೆ. ಟ್ಯೂಬಿನ ಬಣ್ಣವನ್ನು ಬೆರೆಸದೆ, ಚೂರಿಯಿಂದ ಹಲಗೆಗೆ ಸವರುತ್ತಿದ್ದರು. ಶುರು ಮಾತ್ರ ಅಪ್ಪ ಹೇಳಿದಂತೆ ನಡುವಿನಿಂದಲೇ. ಯಾವ ಕಂಪನಿಯ ಯಾವ ಬಣ್ಣ ಎಂದು ಹಲಗೆಯ ಬೆನ್ನಿಗೆ ಬರೆದಿಡುತ್ತಿದ್ದರು. ಬಣ್ಣಗಳ ಅಂಚು ಚೂಪಾಗಿ ಕಾಣುವ ಇಂಥ ಚಿತ್ರಗಳಿಗೆ ಅಮೆರಿಕದಲ್ಲಿ ‘ಹಾರ್ಡ್ ಎಡ್ಜ್’ ಎಂಬ ಹೆಸರು ಚಾಲ್ತಿಗೆ ಬಂದದ್ದು 1959ರಲ್ಲಿ. ಅಷ್ಟರಲ್ಲಿ ಇವರು ಒಂಬತ್ತು ವರ್ಷ ಚೌಕದ ಬೆನ್ನು ಹತ್ತಿ ಆಗಿತ್ತು.

ಈ ಚೌಕಗಳು ಮುದ್ರಣಕ್ಕಿಳಿದ ಕತೆ ನನಗೆ ಇನ್ನೂ ಇಷ್ಟ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಅವರ ಜೊತೆಗಿದ್ದ ನಾರ್ಮನ್ ಐವ್ಸ್, ಸ್ಯೂಯೆಲ್ ಸಿಲ್ಮನ್ ಇಬ್ಬರೂ ಸ್ಕ್ರೀನ್ ಪ್ರಿಂಟಿಂಗ್‌ಗೆ ಕೈ ಹಾಕಿದರು. ಮದುವೆ ಪತ್ರಿಕೆ ಅಚ್ಚು ಹಾಕುವ ನಮ್ಮ ಅಂಗಡಿಗಳ ಕೆಲಸವೇ ಅದು: ಚೌಕಟ್ಟಿಗೆ ಬಿಗಿದ ಬಟ್ಟೆ, ಬೇಡದ ಕಡೆ ಮುಚ್ಚಿದ ಕಣ್ಣು, ರಬ್ಬರ್ ಪಟ್ಟಿಯಿಂದ ಒಂದೇ ಸಮನೆ ಎಳೆದ ಶಾಯಿ. ಬಣ್ಣಕ್ಕೊಂದು ಸ್ಕ್ರೀನ್. ಎರಡನೆಯದು ಕೂದಲೆಳೆಯಷ್ಟು ಸರಿದರೂ ಬಿಳಿ ಗೆರೆ ಇಣುಕಿ ಚಿತ್ರ ಕೆಟ್ಟಿತು. ಕುಂಚದ ಗುರುತಿಲ್ಲದ ಈ ಸಪಾಟು ಬಣ್ಣವೇ ಆಲ್ಬರ್ಸ್‌ಗೆ ಬೇಕಿತ್ತು. ಪಕ್ಕದ ಬಣ್ಣ ಬದಲಾದರೆ ಒಂದೇ ಬೂದು ಒಮ್ಮೆ ಹಸಿರಾಗಿ, ಒಮ್ಮೆ ಕೆಂಪಾಗಿ ಕಾಣುತ್ತದೆ ಎಂದು ತೋರಿಸಲು ಹೊರಟವರಿಗೆ ಕೈಯ ಗುರುತು ಅಡ್ಡಿ. 1963ರಲ್ಲಿ ‘ಇಂಟರಾಕ್ಷನ್ ಆಫ್ ಕಲರ್’ ಪುಸ್ತಕವಾಗಿ ಬಂದದ್ದೂ ಈ ಪಾಠವೇ. 1972ರ ‘ಫಾರ್ಮುಲೇಷನ್: ಆರ್ಟಿಕ್ಯುಲೇಷನ್’ನಲ್ಲಿ ಇಂಥ 127 ಮುದ್ರಣಗಳಿವೆ.

ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು, ಬಾಟ್ರಾಪ್‌ನ ಕೊನೆಯ ಗಣಿ 2018ರಲ್ಲಿ. ಬಾಟ್ರಾಪ್‌ನವರು ಅದಕ್ಕೂ ಮೊದಲೇ, 1983ರಲ್ಲಿ, ಬಣ್ಣ ಬಳಿಯುವವರ ಮಗನ ಹೆಸರಲ್ಲಿ ಮ್ಯೂಸಿಯಂ ತೆರೆದಿದ್ದರು.