ಹಳೆಯ ಲಾರಿಯ ಕಟಕಟ: ಸದ್ದಿನ ಜಾಡು ಹಿಡಿಯುವ ಬಗೆ

ಇಪ್ಪತ್ತು ವರ್ಷ ದುಡಿದ ಲಾರಿ ಸದ್ದಿಲ್ಲದೆ ಓಡಬೇಕೆಂದು ಅದರ ಮಾಲೀಕನೂ ನಿರೀಕ್ಷಿಸುವುದಿಲ್ಲ. ಬಾಡಿಯ ಹಲಗೆಗಳು ಲೊಟಲೊಟ ಎನ್ನುತ್ತವೆ, ಹಿಂಬಾಗಿಲ ಸರಪಳಿ ಗಲಗಲಿಸುತ್ತದೆ, ಗುಂಡಿಗೆ ಇಳಿದಾಗ ಕಮಾನು ಪಟ್ಟಿಗಳು ಕಿರುಗುಟ್ಟುತ್ತವೆ. ಚಾಲಕನ ಕಿವಿ ಇವಕ್ಕೆಲ್ಲ ಒಗ್ಗಿಹೋಗಿರುತ್ತದೆ. ಆದರೆ ನಿನ್ನೆಯವರೆಗೆ ಇಲ್ಲದ ‘ಕಟಕಟ’ವೊಂದು ಈ ಮೇಳಕ್ಕೆ ಸೇರಿಕೊಂಡರೆ, ಹಾಡಿನ ದನಿ ಏರಿಸಿದರೂ ಅದು ಕೇಳಿಯೇ ಕೇಳುತ್ತದೆ. ಒಂದೇ ಲಾರಿಯನ್ನು ನಂಬಿದ ಮನೆಯಲ್ಲಿ ಅದು ಅಡುಗೆಮನೆಯವರೆಗೂ ಹೋಗುವ ಚಿಂತೆ. ಗ್ಯಾರೇಜಿನಲ್ಲಿ ‘ಇಂಜಿನ್ ಬಿಚ್ಚಬೇಕು’ ಎಂದುಬಿಟ್ಟರೆ ಮಕ್ಕಳ ಫೀಸಿಗೆಂದು ಎತ್ತಿಟ್ಟ ಹಣಕ್ಕೇ ಕೈ ಹಾಕಬೇಕಾಗುತ್ತದೆ.

ಬಿಚ್ಚುವ ಮೊದಲು ಮನೆಯಂಗಳದಲ್ಲೇ ಮಾಡಬಹುದಾದ ಪರೀಕ್ಷೆಗಳು ಸಾಕಷ್ಟಿವೆ. ಬೇಕಾದದ್ದು ಹೈಸ್ಕೂಲಿನ ಭೌತಶಾಸ್ತ್ರ, ಒಂದು ಕೈಗಡಿಯಾರ, ಒಂದು ತುಂಡು ಸೀಮೆಸುಣ್ಣ ಮತ್ತು ತಾಳ್ಮೆ.

ಸದ್ದು ಕೇಳಿದೊಡನೆ ನಾವೆಲ್ಲ ಕೇಳುವ ಪ್ರಶ್ನೆ ‘ಎಲ್ಲಿಂದ ಬಂತು?’ ಎಂಬುದು. ಇದು ಎರಡನೆಯ ಪ್ರಶ್ನೆಯಾಗಬೇಕು. ಶಬ್ದವೆಂದರೆ ಕಂಪನ. ಲಾರಿಯ ಚಾಸಿ ಮುಂದಿನಿಂದ ಹಿಂದಿನವರೆಗೆ ಚಾಚಿದ ಉಕ್ಕಿನ ಏಣಿಯಂತಿದೆ. ಹಿಂದಿನ ಆಕ್ಸಲ್ಲಿನಲ್ಲಿ ಹುಟ್ಟಿದ ಕಂಪನ ಅದರ ಗುಂಟ ಸಾಗಿಬಂದು ಕ್ಯಾಬಿನ್ನಿನ ತಗಡನ್ನು ನಡುಗಿಸಿದರೆ, ಸದ್ದು ತನ್ನ ಕಾಲಬುಡದಲ್ಲೇ ಇದೆಯೆಂದು ಚಾಲಕ ಆಣೆ ಮಾಡಿ ಹೇಳುತ್ತಾನೆ. ಆದ್ದರಿಂದ ಮೊದಲು ಕೇಳಬೇಕಾದದ್ದು: ಸದ್ದು ಯಾವಾಗ ಬರುತ್ತದೆ? ಯಾವುದರ ಜೊತೆ ತಾಳ ಹಾಕುತ್ತದೆ?

ಲಾರಿಯಲ್ಲಿ ತಿರುಗುವ ಭಾಗಗಳು ಮುಖ್ಯವಾಗಿ ಎರಡು ಬಣಗಳಿಗೆ ಸೇರಿವೆ. ಒಂದು ಬಣ ಇಂಜಿನ್ನಿನ ವೇಗಕ್ಕೆ ಕಟ್ಟುಬಿದ್ದದ್ದು, ಇನ್ನೊಂದು ಚಕ್ರದ ವೇಗಕ್ಕೆ. ಲಾರಿಯನ್ನು ನಿಲ್ಲಿಸಿ, ಗೇರು ನ್ಯೂಟ್ರಲ್‌ನಲ್ಲಿರಿಸಿ, ಚಕ್ರಗಳಿಗೆ ಕಲ್ಲು ಅಡ್ಡಕೊಟ್ಟು ಇಂಜಿನ್ ಚಾಲೂ ಮಾಡಿ. ಸದ್ದು ಬಂತೇ? ಆಕ್ಸಿಲರೇಟರ್ ಒತ್ತಿದಂತೆ ಅದರ ಲಯವೂ ಏರಿತೇ? ಹಾಗಿದ್ದರೆ ದೋಷ ಮೊದಲ ಬಣದ್ದು. ಆಗ ಕ್ಲಚ್ ಒತ್ತಿ ನೋಡಿ. ಒತ್ತಿದಾಗ ಸದ್ದು ನಿಂತರೆ ಗೇರ್‌ಬಾಕ್ಸಿಗೆ ಒಳಹೋಗುವ ಶಾಫ್ಟಿನ ಬೇರಿಂಗಿನ ಮೇಲೆ ಸಂಶಯಪಡಬೇಕು; ಒತ್ತಿದಾಗಲೇ ಶುರುವಾದರೆ ಕ್ಲಚ್ ಬೇರಿಂಗಿನ ಮೇಲೆ. ಒಂದು ಪೆಡಲು ಇಷ್ಟನ್ನು ಹೇಳಿಬಿಡುತ್ತದೆ! ನಿಂತಾಗ ಸದ್ದೇ ಇಲ್ಲದಿದ್ದರೆ ದೋಷ ಚಕ್ರದ ಬಣದಲ್ಲಿರುವ ಸಾಧ್ಯತೆ ಹೆಚ್ಚು. ಸಾಧ್ಯತೆ ಎಂದೇ ಹೇಳುತ್ತೇನೆ, ಏಕೆಂದರೆ ಹೊರೆ ಬಿದ್ದಾಗ ಮಾತ್ರ ಬಡಿಯುವ ಇಂಜಿನ್ ಬೇರಿಂಗುಗಳೂ ಉಂಟು.

ಇಂಜಿನ್ನಿನೊಳಗಿನ ಸದ್ದನ್ನೂ ಎಣಿಸಬಹುದು. ಇಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆ ಎನ್ನಿ. ಅಂದರೆ ಕ್ರ್ಯಾಂಕ್ ಶಾಫ್ಟ್ ಸೆಕೆಂಡಿಗೆ 10 ಸುತ್ತು ಹಾಕುತ್ತದೆ. ನಾಲ್ಕು ಹೊಡೆತದ ಇಂಜಿನ್ನಿನಲ್ಲಿ ಕವಾಟಗಳನ್ನು ತೆರೆಯುವ ಕ್ಯಾಮ್ ಶಾಫ್ಟಿನ ವೇಗ ಅದರ ಅರ್ಧ. ಒಂದೇ ಒಂದು ಟ್ಯಾಪೆಟ್ ಸಡಿಲವಾಗಿದ್ದರೆ ಅದು ಸೆಕೆಂಡಿಗೆ 5 ಸಲ ‘ಟಿಕ್’ ಎನ್ನುತ್ತದೆ. ಅದನ್ನು ಸರಿಪಡಿಸಲು ಇಂಜಿನ್ ಇಳಿಸಬೇಕಾಗಿಲ್ಲ.

ಬೆಳಿಗ್ಗೆ ಬಡಿಯುತ್ತಿದ್ದು ಬಿಸಿಯಾದ ಮೇಲೆ ತಗ್ಗುವ ಸದ್ದಿನ ಕಾರಣವೂ ಪಠ್ಯಪುಸ್ತಕದಲ್ಲೇ ಇದೆ. ಅದೇ ಉಷ್ಣದ ವಿಕಾಸ. ಅಲ್ಯೂಮಿನಿಯಂ ಪಿಸ್ಟನ್ ಎರಕದ ಕಬ್ಬಿಣದ ಸಿಲಿಂಡರಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ತಣ್ಣಗಿರುವಾಗ ನಡುವೆ ಇದ್ದ ಸಂದು ಕಿರಿದಾಗಿ ಪಿಸ್ಟನ್ನಿನ ಬಡಿತ ಅಡಗುತ್ತದೆ. ಸೈಲೆನ್ಸರಿಗೆ ಹೋಗುವ ಪೈಪಿನ ಜೋಡಣೆಯಲ್ಲಿ ಹೊಗೆ ಸೋರಿ ‘ಪಸ್ ಪಸ್’ ಎನ್ನುವುದೂ ಹಲವೊಮ್ಮೆ ಹೀಗೆಯೇ ಬಿಸಿಗೆ ಮುಚ್ಚಿಕೊಳ್ಳುತ್ತದೆ.

‘ಯಾವಾಗ’ ಎಂಬುದು ತಿಳಿದ ಮೇಲೆ ‘ಎಲ್ಲಿ’ ಎಂದು ಹುಡುಕಲು ಮೆಕ್ಯಾನಿಕರು ಉದ್ದನೆಯ ಸ್ಕ್ರೂಡ್ರೈವರ್ ಬಳಸುತ್ತಾರೆ. ತುದಿಯನ್ನು ಇಂಜಿನ್ನಿನ ಮೇಲಿಟ್ಟು ಹಿಡಿಯನ್ನು ಕಿವಿಯ ಬಳಿಯ ಮೂಳೆಗೆ ಒತ್ತಿಕೊಳ್ಳುತ್ತಾರೆ. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಬಡಿತ ಆಲಿಸಿದ್ದಕ್ಕೆ ಇದು ದೂರದ ನಂಟು. ಉಕ್ಕಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 5000 ಮೀಟರ್, ಗಾಳಿಯಲ್ಲಿ ಸುಮಾರು 340. ಮಕ್ಕಳು ಉತ್ತರಪತ್ರಿಕೆಯಲ್ಲಿ ಇದನ್ನೇ ಕಾರಣವಾಗಿ ಬರೆಯುತ್ತಾರೆ. ಆದರೆ ಇಲ್ಲಿ ಉಪಕಾರಕ್ಕೆ ಬರುವುದು ವೇಗವಲ್ಲ. ಲೋಹದಿಂದ ಗಾಳಿಗೆ ದಾಟುವಾಗ ಕಂಪನದ ಬಹುಪಾಲು ಹಿಂದಕ್ಕೇ ಮರಳುತ್ತದೆ. ಸ್ಕ್ರೂಡ್ರೈವರ್ ಆ ನಷ್ಟವನ್ನು ತಪ್ಪಿಸಿ, ಮುಟ್ಟಿದ ಜಾಗದ ಸದ್ದನ್ನು ಜೋರಾಗಿ ಕೇಳಿಸುತ್ತದೆ.

ಈ ಕೆಲಸ ಮಾತ್ರ ದೊಡ್ಡವರದು. ತಿರುಗುವ ಫ್ಯಾನಿನ ಬಳಿ ಟವೆಲು, ದುಪಟ್ಟಾ, ಸಡಿಲ ತೋಳು ಯಾವುದೂ ಸುಳಿಯಬಾರದು. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬಾರದು. ಬರೀ ಜಾಕಿಯ ಮೇಲೆ ನಿಂತ ಲಾರಿಯ ಕೆಳಗೆ ಯಾರೂ ತೂರಬಾರದು, ಅನುಭವಿಗಳೂ ಕೂಡ.

ಇನ್ನು ಚಕ್ರದ ಬಣ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಇಟ್ಟಿಗೆ ಸಾಗಿಸುವ ಲಾರಿ ಇಟ್ಟುಕೊಂಡಿದ್ದಾರೆ. ಅದರಲ್ಲಿ ಕಟಕಟ ಶುರುವಾದಾಗ ಒಬ್ಬರು ಕೇಳಿದ ಮಾತ್ರಕ್ಕೆ ‘ಬೇರಿಂಗು ಹೋಗಿದೆ, ಇಂಜಿನ್ ಬಿಚ್ಚಿ’ ಎಂದಿದ್ದರಂತೆ. ಹುಡುಗ ಆಗ ಪಿಯುಸಿ ಓದುತ್ತಿದ್ದ. “ಸಾರ್, ನಿಂತಾಗ ಎಷ್ಟು ರೇಸ್ ಮಾಡಿದರೂ ಸದ್ದು ಬರುವುದಿಲ್ಲ” ಎಂದ. “ಹಾಗಾದರೆ ಎಣಿಸೋಣ” ಎಂದೆ.

ಎಣಿಸುವುದರ ಹಿಂದಿನ ಲೆಕ್ಕ ಹೀಗಿದೆ. ಇಂಥ ಲಾರಿಯ ಟೈರಿನ ಸುತ್ತಳತೆ ಸುಮಾರು 3 ಮೀಟರ್. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಶಾಫ್ಟು ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಸುಮಾರು ಆರು ಸುತ್ತು ತಿರುಗುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಮೂರು ಸುತ್ತು, ಶಾಫ್ಟು ಇಪ್ಪತ್ತರಷ್ಟು ಸುತ್ತು. ಸೆಕೆಂಡಿಗೆ ಇಪ್ಪತ್ತು ಬಡಿತಗಳನ್ನು ಕಿವಿ ಬಿಡಿಬಿಡಿಯಾಗಿ ಕೇಳಲಾರದು, ಎಲ್ಲ ಬೆರೆತು ‘ಗುಂಯ್’ ಎನ್ನುತ್ತದೆ. ಹಾಗಾಗಿ ಎಣಿಸಬೇಕಾದರೆ ಲಾರಿ ನಡಿಗೆಯ ವೇಗದಲ್ಲಿ ಸಾಗಬೇಕು.

ಖಾಲಿ ಲಾರಿಯನ್ನು ಸಮತಟ್ಟಾದ ಬಯಲಿಗೆ ತಂದು ಹಿಂದಿನ ಎರಡೂ ಬದಿಯ ಟೈರುಗಳಿಗೆ ಸೀಮೆಸುಣ್ಣದಿಂದ ದಪ್ಪ ಗೆರೆ ಎಳೆದೆವು. ತಂದೆ ಮೊದಲ ಗೇರಿನಲ್ಲಿ ನಿಧಾನಕ್ಕೆ ಓಡಿಸಿದರು. ನಾವು ಮಾರುದೂರದಲ್ಲಿ ಜೊತೆಗೆ ನಡೆದೆವು. ಹತ್ತು ಸುತ್ತಿಗೆ ಸರಿಯಾಗಿ ಹತ್ತು ಬಡಿತ! ಎಡಗಡೆಯ ಗೆರೆ ಕೆಳಗಿಳಿದಾಗಲೆಲ್ಲ ಒಂದು ‘ಕಟ್’. ಗೇರು ಬದಲಿಸಿದರೂ ಸುತ್ತಿಗೆ ಒಂದೇ. ಇಂಜಿನ್ನೂ ಅಲ್ಲ, ಶಾಫ್ಟಿನ ಕ್ರಾಸೂ ಅಲ್ಲ; ಎಡ ಹಿಂಚಕ್ರ. ಜೋಡಿ ಟೈರುಗಳ ನಡುವೆ ಕಲ್ಲು ಸಿಕ್ಕಿಕೊಂಡರೂ ಇದೇ ಲೆಕ್ಕ ಬರುತ್ತದೆ. ಮೊದಲು ಅದನ್ನೇ ನೋಡಿದೆವು. ಇರಲಿಲ್ಲ. ಆಮೇಲೆ ಚಕ್ರದ ನಟ್ಟುಗಳತ್ತ ಕಣ್ಣು ಹೋಯಿತು. ಮೂರು ನಟ್ಟುಗಳ ಸುತ್ತ ತುಕ್ಕಿನ ಕೆಂಪು ಗೆರೆಗಳು ಸೂರ್ಯಕಿರಣಗಳಂತೆ ಹರಡಿದ್ದವು. ಸಡಿಲ ನಟ್ಟಿನಡಿ ಲೋಹಕ್ಕೆ ಲೋಹ ಉಜ್ಜಿ ಪುಡಿಯಾಗಿ, ತುಕ್ಕು ಹಿಡಿದು ಹೊರಬಂದ ಗುರುತು ಅದು.

ಹತ್ತು ಬೋಲ್ಟುಗಳ ಭಾರವನ್ನು ಏಳು ಹೊತ್ತಿದ್ದವು. ಹೀಗೆ ಓಡಿದರೆ ಉಳಿದವು ದಣಿದು ಒಂದೊಂದಾಗಿ ತುಂಡಾಗುತ್ತವೆ, ಕಡೆಗೆ ಚಕ್ರವೇ ಕಳಚಿ ಎದುರು ಬರುವವರ ಮೇಲೆ ಉರುಳುತ್ತದೆ. ಮರುದಿನ ಆ ಲಾರಿ ಪೂರ್ತಿ ಇಟ್ಟಿಗೆ ತುಂಬಿಕೊಂಡು ಹೊರಡಬೇಕಾಗಿತ್ತು.

ನಟ್ಟು ಬಿಗಿದರೆ ಸಾಕೆಂದು ತಂದೆ ಸ್ಪ್ಯಾನರ್ ತೆಗೆದರು. ಚಕ್ರ ಕಳಚಿ ನೋಡಿದಾಗ ಡಿಸ್ಕಿನ ತೂತುಗಳು ಸವೆದು ಮೊಟ್ಟೆಯಾಕಾರಕ್ಕೆ ತಿರುಗಿದ್ದವು. ಅಂಥ ಡಿಸ್ಕನ್ನು ಎಷ್ಟು ಬಿಗಿದರೂ ಮತ್ತೆ ಸಡಿಲವಾಗುತ್ತದೆ, ಬದಲಿಸಲೇಬೇಕು. ಮೆಕ್ಯಾನಿಕನನ್ನು ಕರೆಸಿ ಡಿಸ್ಕು, ಬೋಲ್ಟು, ನಟ್ಟು ಹೊಸದು ಹಾಕಿಸಿದರು. ಇಂಜಿನ್ನಿನ ಒಂದು ತಿರುಪನ್ನೂ ಮುಟ್ಟಲಿಲ್ಲ. ಹೊಸ ಜೋಡಣೆ ಓಟದಲ್ಲಿ ಒಂದಿಷ್ಟು ಕೂತುಕೊಳ್ಳುವುದರಿಂದ ಮೊದಲ ನೂರು ಕಿಲೋಮೀಟರಿನೊಳಗೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಆ ಕೆಲಸವನ್ನು ಹುಡುಗ ನೆನಪಿಟ್ಟುಕೊಂಡು ತಾನೇ ನಿಂತು ಮಾಡಿಸಿದ.